ಕ್ಯಾನ್ಸರ್‌ಗೆ ಯಾವ ಬ್ಲಡ್ ಟೆಸ್ಟ್? ಮೊದಲು ನಿಮ್ಮ ಪ್ರಶ್ನೆ ಯಾವುದು ನೋಡಿ

ಒಂದೇ ವಾರದಲ್ಲಿ ನಮ್ಮ ಮನೆಗೆ ಎರಡು ರಿಪೋರ್ಟ್ ಬಂದವು. ಒಂದು ಚಿಕ್ಕಮ್ಮನದು. ಎರಡು ವರ್ಷದ ಹಿಂದೆ ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಸಿಇಎ ಅನ್ನುವ ಟೆಸ್ಟ್‌ನಲ್ಲಿ 6.2 ಬಂದಿತ್ತು. ಇರಬೇಕಾದ್ದು 5ರ ಒಳಗೆ. ಇನ್ನೊಂದು ಅಕ್ಕನದು. ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಹೆಲ್ತ್ ಚೆಕಪ್ ಪ್ಯಾಕೇಜ್ ಒಂದರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ನೋಡುವ ಸಿಎ-125 ಕೂಡ ಸೇರಿತ್ತು. ಅದು 48 ಬಂದಿತ್ತು. ಇರಬೇಕಾದ್ದು 35ರ ಒಳಗೆ. ಎರಡೂ ಕಾಗದದಲ್ಲಿ ಅಂಕಿ ದಪ್ಪ ಅಕ್ಷರದಲ್ಲಿತ್ತು, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ.

ಚಿಕ್ಕಮ್ಮ ಗಾಬರಿಯಾಗಲಿಲ್ಲ. ತಮ್ಮ ಸಣ್ಣ ನೋಟ್‌ಬುಕ್ ತೆಗೆದು ಹಳೆಯ ಅಂಕಿಗಳ ಕೆಳಗೆ ಹೊಸದನ್ನು ಬರೆದರು. 2.1, 2.4, 2.2, 3.9, ಈಗ 6.2. ಅದನ್ನು ನೋಡಿದ ಡಾಕ್ಟರ್ ಟೆಸ್ಟ್ ಇನ್ನೊಮ್ಮೆ ಮಾಡಿಸಿದರು, ಆಮೇಲೆ ಸಿಟಿ ಸ್ಕ್ಯಾನ್. ಲಿವರ್‌ನಲ್ಲಿ ಒಂದೇ ಒಂದು ಸಣ್ಣ ಗಂಟು ಕಂಡಿತು. ತೆಗೆಯಲು ಆಗುವಂಥದ್ದು. ತೆಗೆದರು.

ಅಕ್ಕ ಮೂರು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಸ್ಕ್ಯಾನ್ ಆಯಿತು, ಎರಡನೇ ಡಾಕ್ಟರ್ ಆಯಿತು. ಕೊನೆಗೆ ತಿಳಿದದ್ದು ಇಷ್ಟು: ರಕ್ತ ಕೊಟ್ಟ ದಿನ ಮುಟ್ಟಿನ ಎರಡನೇ ದಿನ, ಜೊತೆಗೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಸ್ವಲ್ಪ ಇತ್ತು. ಕ್ಯಾನ್ಸರ್ ಇರಲಿಲ್ಲ.

ಎರಡೂ ಟೆಸ್ಟ್ ಒಂದೇ ಜಾತಿಯವು. ಎರಡೂ ಗಡಿಯನ್ನು ಸ್ವಲ್ಪವೇ ದಾಟಿದ್ದವು. ಆದರೂ ಒಂದು ಜೀವ ಕಾಯುವ ಸುಳಿವು, ಇನ್ನೊಂದು ಸುಮ್ನೆ ಹೆದರಿಕೆ. ವ್ಯತ್ಯಾಸ ಇದ್ದದ್ದು ಟೆಸ್ಟ್‌ನಲ್ಲಿ ಅಲ್ಲ, ಅದನ್ನು ಯಾವ ಪ್ರಶ್ನೆಗೆ ಬಳಸಿದರು ಅನ್ನುವುದರಲ್ಲಿ. ಅದಕ್ಕೇ ಈ ಬರಹದಲ್ಲಿ ಟೆಸ್ಟ್‌ಗಳನ್ನು ಹೆಸರಿನ ಪ್ರಕಾರ ಜೋಡಿಸಿಲ್ಲ. ನೀವು ಎಲ್ಲಿ ನಿಂತು ಕೇಳುತ್ತಿದ್ದೀರಿ ಅನ್ನುವುದರ ಪ್ರಕಾರ ಹೋಲಿಸಿದ್ದೇನೆ.

ರಕ್ತದಲ್ಲಿ ಏನನ್ನು ಹುಡುಕುತ್ತಾರೆ?

"ಕ್ಯಾನ್ಸರ್ ಟೆಸ್ಟ್" ಅಂತ ಒಂದು ಟೆಸ್ಟ್ ಇಲ್ಲ. ಸಿಬಿಸಿ ರಕ್ತಕಣಗಳನ್ನು ಎಣಿಸುತ್ತದೆ. ಸಿಇಎ, ಸಿಎ-125ನಂಥ ಟ್ಯೂಮರ್ ಮಾರ್ಕರ್ ಗಡ್ಡೆ ರಕ್ತಕ್ಕೆ ಬಿಡುವ ಪ್ರೋಟೀನನ್ನು ಅಳೆಯುತ್ತದೆ. ಆದರೆ ಆ ಪ್ರೋಟೀನನ್ನು ಆರೋಗ್ಯವಾಗಿರುವ ಅಂಗಗಳೂ ಅಷ್ಟಿಷ್ಟು ಬಿಡುತ್ತವೆ, ತೊಂದರೆಯೆಲ್ಲ ಅಲ್ಲಿಂದಲೇ ಶುರು. ಲಿಕ್ವಿಡ್ ಬಯಾಪ್ಸಿ ಗಡ್ಡೆಯ ಜೀವಕೋಶ ಸತ್ತಾಗ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ಹುಡುಕುತ್ತದೆ. ಇನ್ನು ಬಿಆರ್‌ಸಿಎಯಂಥ ಜೀನ್ ಟೆಸ್ಟ್ ನೋಡುವುದು ಗಡ್ಡೆಯನ್ನೇ ಅಲ್ಲ, ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಬಂದ ಅಪಾಯವನ್ನು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವನ್ನು ರಕ್ತ ನೋಡಿ ಖಚಿತ ಮಾಡುವುದಿಲ್ಲ. ಸ್ಕ್ಯಾನ್ ಬೇಕು, ಸಾಮಾನ್ಯವಾಗಿ ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ ಬೇಕು. ರಕ್ತ ದಾರಿ ತೋರಿಸುತ್ತದೆ ಅಷ್ಟೇ.

ಏನೋ ಸರಿ ಇಲ್ಲ ಅನಿಸಿದರೆ: ಸಿಬಿಸಿಯಿಂದ ಶುರು ಮಾಡಿ

ತಿಂಗಳುಗಟ್ಟಲೆ ಸುಸ್ತು. ಕಾರಣವಿಲ್ಲದೆ ತೂಕ ಇಳಿಯುತ್ತಿದೆ. ಪದೇ ಪದೇ ಜ್ವರ. ಮೈಮೇಲೆ ಏಟು ಬೀಳದೆ ನೀಲಿ ಕಲೆ. ಇಂಥ ಹೊತ್ತಿನಲ್ಲಿ ದುಬಾರಿ ಮಾರ್ಕರ್‌ಗಳ ಪಟ್ಟಿಗಿಂತ ಮಾಮೂಲಿ ಸಿಬಿಸಿ ಎಷ್ಟೋ ಜಾಸ್ತಿ ಹೇಳುತ್ತದೆ. ರಕ್ತದ ಕ್ಯಾನ್ಸರ್‌ಗಳಲ್ಲಿ ಬಿಳಿಕಣ ವಿಪರೀತ ಏರಿರಬಹುದು, ಇಳಿದೂ ಇರಬಹುದು. ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಬಿದ್ದಿರಬಹುದು. ಸಂಶಯ ಬಂದರೆ ಲ್ಯಾಬ್‌ನವರು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಮೂಳೆಯ ಮಜ್ಜೆಯೊಳಗೇ ಇರಬೇಕಾದ ಎಳೆಯ ಕಣಗಳು ರಕ್ತದಲ್ಲಿ ಕಂಡರೆ ಅದು ಅವತ್ತೇ ಡಾಕ್ಟರಿಗೆ ಫೋನ್ ಮಾಡುವ ವಿಷಯ.

ಸಿಬಿಸಿಯ ಇನ್ನೊಂದು ಗುಟ್ಟನ್ನು ಬಹಳ ಜನ ಕಡೆಗಣಿಸುತ್ತಾರೆ. ವಯಸ್ಸಾದ ಗಂಡಸಿಗೆ, ಅಥವಾ ಮುಟ್ಟು ನಿಂತ ಹೆಂಗಸಿಗೆ, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ರಕ್ತ ಎಲ್ಲಿಂದಲೋ ಸೋರುತ್ತಿದೆ ಅಂತ ಅರ್ಥ ಇರಬಹುದು. ಎಷ್ಟೋ ಸಲ ಅದು ಕರುಳಿನ ಒಳಗಿನ, ಕಣ್ಣಿಗೆ ಕಾಣದ ಸೋರಿಕೆ. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಹೀಗೇ ಸದ್ದಿಲ್ಲದೆ ಶುರುವಾಗುತ್ತದೆ. ಇಲ್ಲಿ ಸಿಇಎಗಿಂತ ಹಿಮೋಗ್ಲೋಬಿನ್ ಒಳ್ಳೆಯ ಕಾವಲುಗಾರ.

ಸೊಂಟ, ಬೆನ್ನಿನ ಮೂಳೆ ನೋವು ಬಿಡದೆ ಕಾಡುತ್ತಿದೆ, ಜೊತೆಗೆ ರಕ್ತಹೀನತೆ ಇದೆ, ಕಿಡ್ನಿ ಅಂಕಿ ಕೆಟ್ಟಿದೆ, ಕ್ಯಾಲ್ಸಿಯಂ ಏರಿದೆ ಅಂದರೆ ಡಾಕ್ಟರ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಬಗ್ಗೆ ಯೋಚಿಸುತ್ತಾರೆ. ಅದಕ್ಕೆ ಪ್ರೋಟೀನ್ ಎಲೆಕ್ಟ್ರೋಫೋರಿಸಿಸ್ ಮತ್ತು ಫ್ರೀ ಲೈಟ್ ಚೈನ್ ಎಂಬ ಟೆಸ್ಟ್‌ಗಳಿವೆ. ಎರಡೂ ಒಟ್ಟಿಗೆ ಆದರೆ ಒಳ್ಳೆಯದು. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ.

ಆರೋಗ್ಯವಾಗಿದ್ದೀರಿ, "ಒಂದ್ಸಲ ಚೆಕ್ ಮಾಡಿಸೋಣ" ಅಂತಿದ್ದೀರಿ

ಪ್ಯಾಕೇಜ್‌ಗಳು ಮಾರಾಟ ಆಗುವುದೇ ಇಲ್ಲಿ. ಸಿಎ-125, ಸಿಇಎ, ಪ್ಯಾಂಕ್ರಿಯಾಸ್‌ಗೆ ಸಿಎ 19-9, ಸ್ತನಕ್ಕೆ ಸಿಎ 15-3, ಎಲ್ಲ ಒಂದೇ ಸಲ. ಕೇಳಲು ಚೆನ್ನಾಗಿದೆ ಅಲ್ವಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಲಕ್ಷಣ ಇಲ್ಲದ, ವಿಶೇಷ ಅಪಾಯ ಇಲ್ಲದ ಮನುಷ್ಯನಿಗೆ ಈ ನಾಲ್ಕೂ ಬೇಡ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. 10,000 ಹೆಂಗಸರು ಸಿಎ-125 ಟೆಸ್ಟ್ ಮಾಡಿಸಿಕೊಂಡರು ಅಂತಿಟ್ಟುಕೊಳ್ಳಿ. ಅವರಲ್ಲಿ 5 ಜನಕ್ಕೆ ನಿಜವಾಗಿ ಅಂಡಾಶಯದ ಕ್ಯಾನ್ಸರ್ ಇದೆ. ಟೆಸ್ಟ್ ಬಹಳ ಒಳ್ಳೆಯದು ಅಂತಲೇ ಇಟ್ಟುಕೊಳ್ಳೋಣ. ಐವರಲ್ಲಿ ನಾಲ್ವರನ್ನು ಹಿಡಿಯುತ್ತದೆ, ಕ್ಯಾನ್ಸರ್ ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ಮಾತ್ರ ತಪ್ಪು ಗಂಟೆ ಬಾರಿಸುತ್ತದೆ. ಆಗ ತಪ್ಪು ಗಂಟೆ ಕೇಳಿಸಿಕೊಂಡವರು ಸುಮಾರು 200 ಜನ. ನಿಜವಾದವರು 4. ಮೇಲ್ಮುಖದ ಬಾಣ ನೋಡಿ ಎದೆ ಧಸಕ್ ಅಂದ 204 ಜನರಲ್ಲಿ 200 ಜನಕ್ಕೆ ಏನೂ ಇಲ್ಲ. ಅಂಡಾಶಯವನ್ನು ಸೂಜಿ ಚುಚ್ಚಿ ಪರೀಕ್ಷೆ ಮಾಡುವುದನ್ನು ಡಾಕ್ಟರ್‌ಗಳು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಕ್ಯಾನ್ಸರ್ ಇದ್ದರೆ ಹರಡುವ ಭಯ. ಹಾಗಾಗಿ ಖಚಿತ ಮಾಡಿಕೊಳ್ಳಲು ಕೆಲವರು ಆಪರೇಷನ್‌ಗೇ ಒಳಗಾಗಬೇಕಾಗುತ್ತದೆ. ಇಲ್ಲದ ಕಾಯಿಲೆಗೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಯುಕೆಸಿಟಿಒಸಿಎಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ವರ್ಷ ವರ್ಷ ಸಿಎ-125 ನೋಡಿ, ಅದು ಏರುವ ರೀತಿಯನ್ನೇ ಲೆಕ್ಕ ಹಾಕಿದರು. 2021ರಲ್ಲಿ ಫಲಿತಾಂಶ ಬಂತು. ಕೆಲವು ಕ್ಯಾನ್ಸರ್ ಬೇಗ ಸಿಕ್ಕವು ನಿಜ, ಆದರೆ ಅಂಡಾಶಯದ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಮೊದಲ ಹಂತದ ಅಂಡಾಶಯದ ಕ್ಯಾನ್ಸರ್‌ನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಿಎ-125 ಏರುವುದೇ ಇಲ್ಲ. ಏರಿಸುವ ಬೇರೆ ಕಾರಣಗಳೋ ಬೇಕಾದಷ್ಟು: ಮುಟ್ಟು, ಬಸಿರು, ಗರ್ಭಕೋಶದ ಫೈಬ್ರಾಯ್ಡ್ ಗಂಟು, ಹೊಟ್ಟೆಯ ಕ್ಷಯ, ಲಿವರ್ ಸಿರೋಸಿಸ್.

ಉಳಿದವೂ ಹೀಗೇ. ಸಿಗರೇಟು ಸೇದುವವರಿಗೆ ಸಿಇಎ ಸ್ವಲ್ಪ ಮೇಲೇ ಇರುತ್ತದೆ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದರೆ ಸಿಎ 19-9 ಕ್ಯಾನ್ಸರ್ ಇಲ್ಲದೆಯೂ ಆಕಾಶಕ್ಕೇರುತ್ತದೆ. ಇನ್ನೊಂದು ಕಡೆ, 100ರಲ್ಲಿ 5ರಿಂದ 10 ಜನರ ಮೈ ಈ ಸಿಎ 19-9 ಅನ್ನು ತಯಾರಿಸುವುದೇ ಇಲ್ಲ. ಅವರ ರಕ್ತದ ಗುಂಪಿನ ಗುಣ ಹಾಗೆ. ಅಂಥವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಷ್ಟೇ ಬೆಳೆದಿದ್ದರೂ ರಿಪೋರ್ಟ್ "ನಾರ್ಮಲ್" ಅನ್ನುತ್ತದೆ. ಸುಳ್ಳು ಹೆದರಿಕೆಗಿಂತ ಈ ಸುಳ್ಳು ಧೈರ್ಯವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಈ ಮಾತಿಗೆ ಎರಡು ಅಪವಾದ ಇವೆ.

ಮೊದಲನೆಯದು ಪಿಎಸ್‌ಎ, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಟೆಸ್ಟ್. ಇದರಿಂದ ಸಾವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇದೆ, ಆದರೆ ಬೆಲೆ ತೆರಬೇಕು. ಯುರೋಪಿನ ಹಲವು ದೇಶಗಳ ಗಂಡಸರನ್ನು 16 ವರ್ಷ ಗಮನಿಸಿದ ಅಧ್ಯಯನದ ಪ್ರಕಾರ, ಒಂದು ಸಾವು ತಪ್ಪಿಸಲು ಸುಮಾರು 570 ಜನರನ್ನು ತಪಾಸಣೆಗೆ ಕರೆಯಬೇಕು, 18 ಜನಕ್ಕೆ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಆ 18ರಲ್ಲಿ ಎಷ್ಟೋ ಕ್ಯಾನ್ಸರ್‌ಗಳು ನಿಧಾನಕ್ಕೆ ಬೆಳೆಯುವಂಥವು, ಬದುಕಿರುವವರೆಗೂ ತೊಂದರೆ ಕೊಡದಂಥವು. ಗೊತ್ತಾದ ಮೇಲೆ ಮಾತ್ರ ಸುಮ್ಮನಿರುವುದು ಕಷ್ಟ. ಆಪರೇಷನ್, ರೇಡಿಯೇಷನ್ ಅಂತ ಹೊರಟರೆ ಮೂತ್ರ ಹಿಡಿದುಕೊಳ್ಳಲು ಆಗದಿರುವುದು, ಲೈಂಗಿಕ ತೊಂದರೆ ಬರಬಹುದು. ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲಿ ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡು, 55ರಿಂದ 69 ವಯಸ್ಸಿನವರು ಡಾಕ್ಟರ್ ಜೊತೆ ಕೂತು ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಅಂದಿತು. ಅಪ್ಪನಿಗೋ ಅಣ್ಣನಿಗೋ ಬಂದಿದ್ದರೆ ಈ ಮಾತುಕತೆ ಬೇಗ ಶುರು ಮಾಡುವುದು ಒಳ್ಳೆಯದು.

ಪಿಎಸ್‌ಎ 4ಕ್ಕಿಂತ ಜಾಸ್ತಿ ಬಂದರೆ ತಕ್ಷಣ ಸೂಜಿಗೆ ಮೈ ಒಡ್ಡಬೇಡಿ. ಹೀಗೆ ಏರಿದ್ದಕ್ಕೆ ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. ವಯಸ್ಸಿಗೆ ಗ್ರಂಥಿ ಊದಿಕೊಂಡಿದ್ದರೆ ಏರುತ್ತದೆ. ಮೂತ್ರದ ಸೋಂಕಿಗೆ ಏರುತ್ತದೆ. ಹಿಂದಿನ ಎರಡು ದಿನದಲ್ಲಿ ವೀರ್ಯ ಹೋಗಿದ್ದರೆ, ಜೋರು ಸೈಕಲ್ ಸವಾರಿ ಮಾಡಿದ್ದರೆ ಕೂಡ ಏರಬಹುದು. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು, ಇನ್ನೂ ಏರಿದ್ದರೆ ಮೊದಲು ಎಂಆರ್‌ಐ. ಇನ್ನೊಂದು ವಿಷಯ ಮರೆಯಬೇಡಿ. ಪ್ರಾಸ್ಟೇಟ್ ಊತಕ್ಕೋ ಕೂದಲು ಉದುರುವುದಕ್ಕೋ ಫಿನಾಸ್ಟೆರೈಡ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದು ಪಿಎಸ್‌ಎ ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆಗ 3 ಬಂದರೆ ಅದು 3 ಅಲ್ಲ, 6 ಇದ್ದ ಹಾಗೆ.

ಎರಡನೇ ಅಪವಾದ ಎಎಫ್‌ಪಿ ಎಂಬ ಲಿವರ್ ಕ್ಯಾನ್ಸರ್ ಮಾರ್ಕರ್, ಅದೂ ಎಲ್ಲರಿಗಲ್ಲ. ಲಿವರ್ ಸಿರೋಸಿಸ್ ಇರುವವರಿಗೆ, ಹೆಪಟೈಟಿಸ್ ಬಿ ಇರುವ ಕೆಲವರಿಗೆ ಲಿವರ್ ಕ್ಯಾನ್ಸರ್ ಅಪಾಯ ಹೆಚ್ಚು. ಅವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು, ಜೊತೆಗೆ ಎಎಫ್‌ಪಿ. ಅಲ್ಟ್ರಾಸೌಂಡ್ ಬಿಟ್ಟು ಬರೀ ಎಎಫ್‌ಪಿ ನಂಬಿ ಕೂರಬಾರದು.

ಒಂದೇ ಸಲ ರಕ್ತ ಕೊಟ್ಟು 50 ಕ್ಯಾನ್ಸರ್ ನೋಡುವ ಹೊಸ ಟೆಸ್ಟ್

ಇದರ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಗ್ರೇಲ್ ಕಂಪನಿಯ ಗ್ಯಾಲೆರಿ ಇದರಲ್ಲಿ ಹೆಚ್ಚು ಹೆಸರಾದದ್ದು. ಡಿಎನ್‌ಎ ಮೇಲೆ ಅಂಟಿಕೊಂಡಿರುವ ರಾಸಾಯನಿಕ ಗುರುತುಗಳ ವಿನ್ಯಾಸ ನೋಡಿ, ಕ್ಯಾನ್ಸರ್ ಇರಬಹುದೇ, ಇದ್ದರೆ ಯಾವ ಅಂಗದ್ದು ಅಂತ ಹೇಳುತ್ತದೆ. ತಪ್ಪು ಗಂಟೆ ಬಹಳ ಕಡಿಮೆ, 200 ಜನರಲ್ಲಿ ಒಬ್ಬರಿಗೆ. ಈ ಮಟ್ಟಿಗೆ ಹಳೆಯ ಮಾರ್ಕರ್‌ಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಹಿಡಿಯುವುದು ಎಷ್ಟು? ಕ್ಯಾನ್ಸರ್ ಇದೆ ಅಂತ ಮೊದಲೇ ಗೊತ್ತಿದ್ದವರ ರಕ್ತ ನೋಡಿದಾಗ ನಾಲ್ಕನೇ ಹಂತದ್ದನ್ನು ಶೇ. 90, ಮೂರನೇ ಹಂತದ್ದನ್ನು ಶೇ. 77, ಎರಡನೇ ಹಂತದ್ದನ್ನು ಶೇ. 40 ಹಿಡಿಯಿತು. ಮೊದಲನೇ ಹಂತದ್ದು? ಶೇ. 17ರಷ್ಟು ಮಾತ್ರ. ನಮಗೆ ಬೇಕಾದದ್ದು ಮೊದಲನೇ ಹಂತವೇ ಅಲ್ವಾ. ಪಾತ್‌ಫೈಂಡರ್ ಅನ್ನುವ ಇನ್ನೊಂದು ಅಧ್ಯಯನದಲ್ಲಿ 50 ದಾಟಿದ 6,600ಕ್ಕೂ ಹೆಚ್ಚು ಜನ ಈ ಟೆಸ್ಟ್ ಮಾಡಿಸಿಕೊಂಡರು. 92 ಜನಕ್ಕೆ "ಸುಳಿವು ಇದೆ" ಅಂತ ಬಂತು. ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇದ್ದವರು 35. ಆ ಒಂದು ವರ್ಷದಲ್ಲಿ ಒಟ್ಟು ಕ್ಯಾನ್ಸರ್ ಪತ್ತೆಯಾದವರು 121 ಜನ. ಉಳಿದವರಿಗೆ ಈ ಟೆಸ್ಟ್ "ಏನೂ ಇಲ್ಲ" ಅಂದಿತ್ತು.

ಹಾಗಾದರೆ ಬೇಡವೇ? ಕೈಯಲ್ಲಿ ಹಣ ಇದೆ, ವಯಸ್ಸು 50 ದಾಟಿದೆ, ಸುಳಿವು ಬಂದರೆ ಮುಂದಿನ ಸ್ಕ್ಯಾನ್‌ಗಳಿಗೆ ಮನಸ್ಸು ಗಟ್ಟಿ ಇದೆ ಅನ್ನುವವರು ಡಾಕ್ಟರ್ ಜೊತೆ ಮಾತಾಡಿ ಮಾಡಿಸಬಹುದು. ಆದರೆ ಇದು "ನೆಗೆಟಿವ್" ಬಂತು ಅಂತ ಮ್ಯಾಮೊಗ್ರಾಂ, ಗರ್ಭಕಂಠದ ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್, ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಬಿಟ್ಟರೆ ಇದ್ದದ್ದನ್ನೂ ಕಳೆದುಕೊಂಡ ಹಾಗೆ. ಆ ಹಳೆಯ ತಪಾಸಣೆಗಳ ಹಿಂದೆ ದಶಕಗಳ ಪುರಾವೆ ಇದೆ.

ಕರುಳಿನ ವಿಷಯದಲ್ಲಿ ಹೋಲಿಕೆ ಇನ್ನೂ ಸ್ಪಷ್ಟ. ಶೀಲ್ಡ್ ಅನ್ನುವ ರಕ್ತದ ಟೆಸ್ಟ್‌ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, 45 ದಾಟಿದ, ಸಾಮಾನ್ಯ ಅಪಾಯ ಇರುವವರಿಗೆ. ಅದು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಶೇ. 83 ಜನರನ್ನು ಹಿಡಿಯುತ್ತದೆ. ಕೇಳಲು ಚೆನ್ನ. ಆದರೆ ಕ್ಯಾನ್ಸರ್ ಆಗುವ ಮುಂಚಿನ ದೊಡ್ಡ ಪಾಲಿಪ್‌ಗಳನ್ನು ಹಿಡಿಯುವುದು ಶೇ. 13 ಮಾತ್ರ. ಕೊಲೊನೋಸ್ಕೋಪಿಯಲ್ಲಿ ಆ ಪಾಲಿಪ್ ಕಂಡರೆ ಅಲ್ಲೇ ಕತ್ತರಿಸಿ ತೆಗೆದುಬಿಡುತ್ತಾರೆ, ಕ್ಯಾನ್ಸರ್ ಬರುವುದೇ ತಪ್ಪುತ್ತದೆ. ನನ್ನ ಆಯ್ಕೆಯ ಕ್ರಮ ಹೀಗೆ: ಆಗುವುದಾದರೆ ಕೊಲೊನೋಸ್ಕೋಪಿ. ಅದು ಬೇಡವೆಂದರೆ ವರ್ಷಕ್ಕೊಮ್ಮೆ ಮಲದಲ್ಲಿ ರಕ್ತ ಹುಡುಕುವ ಫಿಟ್ ಟೆಸ್ಟ್. ಎರಡಕ್ಕೂ ಒಪ್ಪದವರಿಗೆ ರಕ್ತದ ಟೆಸ್ಟ್. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ತಪ್ಪುವುದಿಲ್ಲ, ಅದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಚಿಕಿತ್ಸೆ ಆಗುತ್ತಿದೆ, ಅಥವಾ ಮುಗಿದಿದೆ: ಮಾರ್ಕರ್ ಬೆಳಗುವುದು ಇಲ್ಲಿ

ಕ್ಯಾನ್ಸರ್ ಇದೆ ಅಂತ ಗೊತ್ತಾದ ಮೇಲೆ ಅದೇ ಟೆಸ್ಟ್‌ನ ಬಣ್ಣವೇ ಬದಲಾಗುತ್ತದೆ. ಈಗ ಪ್ರಶ್ನೆ "ಇದೆಯೋ ಇಲ್ಲವೋ" ಅಲ್ಲ, "ಏರುತ್ತಿದೆಯೋ ಇಳಿಯುತ್ತಿದೆಯೋ". ಹೋಲಿಸಲು ನಿಮ್ಮದೇ ಹಳೆಯ ಅಂಕಿ ಇದೆ. ಅದಕ್ಕೇ ಚಿಕಿತ್ಸೆ ಶುರುವಾಗುವ ಮೊದಲು ಒಂದು ಸಲ ಅಳೆಸಿಡುವುದು ಬಹಳ ಮುಖ್ಯ. ಆಗ ಅಂಕಿ ಏರಿಯೇ ಇಲ್ಲ ಅಂದರೆ ಆಮೇಲೆ ಆ ಮಾರ್ಕರ್ ನಿಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದಿರಬಹುದು.

ಎಲ್ಲ ಮಾರ್ಕರ್‌ಗಳೂ ಒಂದೇ ಮಟ್ಟದವಲ್ಲ. ನಂಬಿಕೆಗೆ ಅತಿ ಹೆಚ್ಚು ಅರ್ಹವಾದದ್ದು ನನ್ನ ಪ್ರಕಾರ ಆಪರೇಷನ್ ನಂತರದ ಪಿಎಸ್‌ಎ. ಪ್ರಾಸ್ಟೇಟ್ ಪೂರ್ತಿ ತೆಗೆದ ಮೇಲೆ ಅದನ್ನು ತಯಾರಿಸುವ ಅಂಗವೇ ಇಲ್ಲ. ಅಂಕಿ ಸೊನ್ನೆಯ ಹತ್ತಿರ ಇರಬೇಕು. 0.2 ಮುಟ್ಟಿ, ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಕಾಯಿಲೆ ಮರಳಿದೆ ಅಂತ ಲೆಕ್ಕ. ರೇಡಿಯೇಷನ್ ಆದವರಿಗೆ ಈ ಲೆಕ್ಕ ಹೊಂದುವುದಿಲ್ಲ, ಗ್ರಂಥಿ ಒಳಗೇ ಇರುತ್ತದಲ್ಲ. ಅವರಲ್ಲಿ ಅತಿ ಕೆಳಗೆ ಇಳಿದ ಅಂಕಿಗಿಂತ 2 ಜಾಸ್ತಿಯಾದರೆ ಎಚ್ಚರ. ಥೈರಾಯ್ಡ್ ಪೂರ್ತಿ ತೆಗೆದವರಿಗೆ, ಆ ಗ್ರಂಥಿ ತಯಾರಿಸುವ ಥೈರೊಗ್ಲೋಬುಲಿನ್ ಎಂಬ ಪ್ರೋಟೀನ್ ಹೀಗೇ ಕೆಲಸ ಮಾಡುತ್ತದೆ. ಆದರೆ ಕೆಲವರ ರಕ್ತದಲ್ಲಿ ಅದರ ವಿರುದ್ಧ ಆ್ಯಂಟಿಬಾಡಿ ಇರುತ್ತದೆ, ಆಗ ಅಂಕಿ ಸುಳ್ಳು ಹೇಳುತ್ತದೆ. ಆದ್ದರಿಂದ ಆ್ಯಂಟಿಬಾಡಿ ಟೆಸ್ಟನ್ನೂ ಜೊತೆಗೇ ಮಾಡಬೇಕು.

ವೃಷಣದ ಕ್ಯಾನ್ಸರ್‌ನಲ್ಲಿ ಎಎಫ್‌ಪಿ ಮತ್ತು ಎಚ್‌ಸಿಜಿ ಎರಡೂ ಮಾತಾಡುತ್ತವೆ. ಇಲ್ಲಿ ಇಳಿಯುವ ವೇಗವೇ ಸುದ್ದಿ. ಎಚ್‌ಸಿಜಿ ಒಂದು ಒಂದೂವರೆ ದಿನಕ್ಕೆ ಅರ್ಧವಾಗಬೇಕು, ಎಎಫ್‌ಪಿ 5ರಿಂದ 7 ದಿನಕ್ಕೆ. ಆಪರೇಷನ್ ಆದಮೇಲೆ ಈ ವೇಗದಲ್ಲಿ ಇಳಿಯದಿದ್ದರೆ ಎಲ್ಲೋ ಉಳಿದಿದೆ ಅಂತ. ಅಪರೂಪಕ್ಕೆ ಒಂದು ರಕ್ತದ ಅಂಕಿಯೇ ಇಲ್ಲಿ ಚಿಕಿತ್ಸೆಯನ್ನು ತಿರುಗಿಸಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಬರೀ ಸೆಮಿನೋಮಾ ಎಂಬ ಜಾತಿ ಅಂತ ಕಂಡಿದ್ದರೂ ಎಎಫ್‌ಪಿ ಏರಿದ್ದರೆ ಅದನ್ನು ಸೆಮಿನೋಮಾ ಅಂತ ಒಪ್ಪುವುದಿಲ್ಲ, ಇನ್ನೊಂದು ಜಾತಿ ಅಂತಲೇ ಚಿಕಿತ್ಸೆ ಕೊಡುತ್ತಾರೆ.

ದೊಡ್ಡ ಕರುಳಿಗೆ ಸಿಇಎ. ಆಪರೇಷನ್ ಆದ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಇದು ಎಲ್ಲವನ್ನೂ ಹಿಡಿಯುವುದಿಲ್ಲ, ಹಾಗಾಗಿ ಸ್ಕ್ಯಾನ್ ಬಿಡುವಂತಿಲ್ಲ. ಆದರೆ ಹಿಡಿದರೆ ಉಪಯೋಗ ಇದೆ, ಚಿಕ್ಕಮ್ಮನಿಗೆ ಆದ ಹಾಗೆ. ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಒಂದೆರಡು ಗಂಟು ಇರುವಾಗಲೇ ಸಿಕ್ಕರೆ ತೆಗೆಯಬಹುದು.

ಅಂಡಾಶಯದಲ್ಲಿ ಕತೆ ಬೇರೆ, ಇದನ್ನು ತಿಳಿದುಕೊಳ್ಳುವುದು ಮನಸ್ಸಿಗೆ ಕಷ್ಟ. ಚಿಕಿತ್ಸೆ ಮುಗಿದ ಮೇಲೆ ಸಿಎ-125 ಏರಿದರೆ ಕಾಯಿಲೆ ಮರಳುತ್ತಿದೆ ಅಂತ ಲಕ್ಷಣಕ್ಕಿಂತ ತಿಂಗಳುಗಟ್ಟಲೆ ಮೊದಲೇ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಬರೀ ಅಂಕಿ ನೋಡಿ ಕೀಮೋ ಶುರು ಮಾಡಿದವರನ್ನೂ ಲಕ್ಷಣ ಬಂದಮೇಲೆ ಶುರು ಮಾಡಿದವರನ್ನೂ ಹೋಲಿಸಿತು. ಮೊದಲ ಗುಂಪಿನವರು ಜಾಸ್ತಿ ದಿನ ಬದುಕಲಿಲ್ಲ. ಕೀಮೋ ಮಾತ್ರ ಬೇಗ ಶುರುವಾಯಿತು. ಅದರ ನಂತರ ಹೊಸ ಔಷಧಿಗಳು ಬಂದಿವೆ, ಎರಡನೇ ಆಪರೇಷನ್‌ನ ದಾರಿಯೂ ಕೆಲವರಿಗೆ ಇದೆ, ಹಾಗಾಗಿ ಈ ಟೆಸ್ಟ್ ಬೇಡ ಅಂತ ನಾನು ಹೇಳುವುದಿಲ್ಲ. ಪ್ರತಿ ಮೂರು ತಿಂಗಳಿಗೆ ಅಂಕಿಗೆ ಕಾಯುತ್ತಾ ಕೂರಲು ನಿಮಗೆ ಮನಸ್ಸಿದೆಯೋ ಇಲ್ಲವೋ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳುವ ಹಕ್ಕು ನಿಮಗಿದೆ. ಅದನ್ನು ಬಳಸಿ.

ಸ್ತನ ಕ್ಯಾನ್ಸರ್ ಆರಂಭದ ಹಂತದಲ್ಲೇ ಸಿಕ್ಕಿ, ಚಿಕಿತ್ಸೆ ಮುಗಿದು, ಲಕ್ಷಣ ಏನೂ ಇಲ್ಲದವರಿಗೆ ಸಿಎ 15-3 ಮಾಡಿಸುತ್ತಾ ಹೋಗುವುದನ್ನು ದೊಡ್ಡ ತಜ್ಞ ಸಂಘಗಳೇ ಬೇಡ ಅನ್ನುತ್ತವೆ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಡಾಕ್ಟರ್ ಕೈಯಿಂದ ತಪಾಸಣೆ ಸಾಕು. ಹರಡಿದ ಕಾಯಿಲೆಯಲ್ಲಿ ಮಾತ್ರ, ಸ್ಕ್ಯಾನ್ ಜೊತೆ ಸೇರಿಸಿ ನೋಡುವಾಗ, ಸಿಎ 15-3ಕ್ಕೆ ಜಾಗ ಇದೆ.

ರಕ್ತದ ಕ್ಯಾನ್ಸರ್‌ಗಳ ಪೈಕಿ ಸಿಎಂಎಲ್ ಬಗ್ಗೆ ಒಂದು ಮಾತು ಹೇಳದಿರಲಾರೆ. ಅದರಲ್ಲಿ ಬಿಸಿಆರ್-ಎಬಿಎಲ್ ಎಂಬ ಜೀನನ್ನೇ ಪಿಸಿಆರ್‌ನಿಂದ ಅಳೆಯುತ್ತಾರೆ, ಮೂರು ತಿಂಗಳಿಗೊಮ್ಮೆ. ಮೂರನೇ ತಿಂಗಳಿಗೆ ಶೇ. 10ರ ಒಳಗೆ, ಆರನೇ ತಿಂಗಳಿಗೆ 1ರ ಒಳಗೆ, ವರ್ಷಕ್ಕೆ 0.1ರ ಒಳಗೆ ಬರಬೇಕು. ಇಷ್ಟು ಖಚಿತವಾಗಿ ದಾರಿ ತೋರುವ ರಕ್ತದ ಟೆಸ್ಟ್ ಕ್ಯಾನ್ಸರ್ ಲೋಕದಲ್ಲಿ ಅಪರೂಪ. ವರ್ಷಗಟ್ಟಲೆ ಅಂಕಿ ತಳದಲ್ಲೇ ಇದ್ದರೆ ಕೆಲವರು ಡಾಕ್ಟರ್ ನಿಗಾದಲ್ಲಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಅವರಲ್ಲಿ ಸುಮಾರು ಅರ್ಧ ಜನಕ್ಕೆ ಮತ್ತೆ ಶುರು ಮಾಡುವ ಅಗತ್ಯ ಬೀಳುವುದಿಲ್ಲ.

ಲಿಕ್ವಿಡ್ ಬಯಾಪ್ಸಿಯೋ, ನಿಜವಾದ ಬಯಾಪ್ಸಿಯೋ?

ಶ್ವಾಸಕೋಶದ ಆಳದಲ್ಲಿರುವ ಗಡ್ಡೆಗೆ ಸೂಜಿ ಹಾಕುವುದು ಸುಲಭ ಅಲ್ಲ. ಔಷಧಿ ಆರಿಸಲು ಮಾತ್ರ ಗಡ್ಡೆಯ ಜೀನ್ ಬದಲಾವಣೆ ಗೊತ್ತಾಗಲೇಬೇಕು. ಇಲ್ಲಿ ರಕ್ತದಲ್ಲಿ ತೇಲುವ ಡಿಎನ್‌ಎ ದೊಡ್ಡ ಸಹಾಯ. ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆಯನ್ನು ರಕ್ತದಲ್ಲೇ ನೋಡುವ ಟೆಸ್ಟ್‌ಗೆ 2016ರಲ್ಲೇ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಬದಲಾವಣೆ ಕಂಡರೆ ಅದನ್ನು ನಂಬಿ ಮಾತ್ರೆ ಶುರು ಮಾಡಬಹುದು. ಕಾಣದಿದ್ದರೆ? "ಇಲ್ಲ" ಅಂತ ಅರ್ಥ ಅಲ್ಲ. ಗಡ್ಡೆ ಸಾಕಷ್ಟು ಡಿಎನ್‌ಎ ಉದುರಿಸಿಲ್ಲದಿರಬಹುದು. ಆಗ ಗಡ್ಡೆಯ ಚೂರೇ ಬೇಕು. ಇನ್ನೊಂದು ತೊಡಕೂ ಇದೆ. ವಯಸ್ಸಾದಂತೆ ನಮ್ಮ ಬಿಳಿಕಣಗಳಲ್ಲೇ ಕೆಲವು ಜೀನ್ ಬದಲಾವಣೆ ಸೇರಿಕೊಳ್ಳುತ್ತವೆ, ಅವು ಗಡ್ಡೆಯದ್ದೇ ಅಂತ ತಪ್ಪಾಗಿ ಕಾಣಬಹುದು. ಕೆಲವು ಸಲ ರಿಪೋರ್ಟ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುವುದು ಇದರಿಂದಲೇ.

ಇದರ ಇನ್ನೊಂದು ಬಳಕೆ ನನಗೆ ನಿಜವಾಗಿ ಆಸೆ ಹುಟ್ಟಿಸಿದೆ. ಕರುಳಿನ ಎರಡನೇ ಹಂತದ ಕ್ಯಾನ್ಸರ್ ಆಪರೇಷನ್ ಆದಮೇಲೆ ಕೀಮೋ ಬೇಕೋ ಬೇಡವೋ ಅನ್ನುವುದು ಹಳೆಯ ಗೊಂದಲ. 2022ರ ಡೈನಾಮಿಕ್ ಅಧ್ಯಯನದಲ್ಲಿ ಒಂದು ಗುಂಪಿಗೆ ರಕ್ತದ ಡಿಎನ್‌ಎ ನೋಡಿ, ಸಿಕ್ಕವರಿಗೆ ಮಾತ್ರ ಕೀಮೋ ಕೊಟ್ಟರು. ಮಾಮೂಲಿ ರೀತಿ ನಿರ್ಧರಿಸಿದ ಇನ್ನೊಂದು ಗುಂಪಿನಲ್ಲಿ ಕೀಮೋ ಪಡೆದವರು ಶೇ. 28, ಈ ಗುಂಪಿನಲ್ಲಿ ಶೇ. 15. ಎರಡು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಶೇ. 93ರ ಆಸುಪಾಸು. ಎಷ್ಟೋ ಜನ ವಾಂತಿ, ಕೈಕಾಲು ಜೋಮು ಇಲ್ಲದೆ ಮನೆಗೆ ಹೋದರು. ನಿಮ್ಮದು ಇದೇ ಹಂತ ಆಗಿದ್ದರೆ ಡಾಕ್ಟರನ್ನು ಈ ಬಗ್ಗೆ ಕೇಳಿಯೇ ಕೇಳಿ. ಉಳಿದ ಕ್ಯಾನ್ಸರ್‌ಗಳಿಗೆ ಈ ಲೆಕ್ಕವನ್ನು ಹಾಗೇ ಒಯ್ಯಬೇಡಿ.

ಮನೆಯಲ್ಲಿ ಹಲವರಿಗೆ ಬಂದಿದ್ದರೆ

ಅಮ್ಮ, ದೊಡ್ಡಮ್ಮ, ಅಕ್ಕ ಹೀಗೆ ಒಬ್ಬರ ಹಿಂದೆ ಒಬ್ಬರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಸಿಎ-125 ಅಲ್ಲ, ಜೀನ್ ಟೆಸ್ಟ್ ಬಗ್ಗೆ ಕೇಳಿ. ಮೊದಲು ಕಾಯಿಲೆ ಬಂದವರೇ ಮಾಡಿಸುವುದು ಉತ್ತಮ, ಅವರಲ್ಲಿ ಬದಲಾವಣೆ ಸಿಕ್ಕರೆ ಉಳಿದವರ ಟೆಸ್ಟ್‌ಗೆ ಅರ್ಥ ಬರುತ್ತದೆ. ಬಿಆರ್‌ಸಿಎ ಜೀನಿನ ಬದಲಾವಣೆ ಅಪ್ಪನ ಕಡೆಯಿಂದಲೂ ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ.

ರಕ್ತ ಕೊಡುವ ಮುಂಚೆ

ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: "ಅಂಕಿ ಜಾಸ್ತಿ ಬಂದರೆ ಮುಂದೆ ಏನು ಮಾಡುತ್ತೀರಿ, ಕಡಿಮೆ ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ ಆ ಟೆಸ್ಟ್ ಬೇಕಿಲ್ಲ.

ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗಿ. ಬೇರೆ ಬೇರೆ ಕಂಪನಿಯ ಕಿಟ್‌ನಲ್ಲಿ ಒಂದೇ ರಕ್ತಕ್ಕೆ ಬೇರೆ ಅಂಕಿ ಬರುತ್ತದೆ. ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಅದು ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ, ಎಫ್‌ಡಿಎ ಈ ಬಗ್ಗೆ 2017ರಲ್ಲೇ ಎಚ್ಚರಿಸಿದೆ. ಹೊಸ ಕೀಮೋ ಶುರುವಾದ ಮೊದಲ 4ರಿಂದ 6 ವಾರ ಅಂಕಿ ಏರಿದರೆ ಚಿಕಿತ್ಸೆ ಸೋತಿತು ಅಂದುಕೊಳ್ಳಬೇಡಿ. ಸಾಯುತ್ತಿರುವ ಜೀವಕೋಶಗಳೇ ಮಾರ್ಕರ್ ಚೆಲ್ಲುವುದುಂಟು. ಒಂದು ಅಂಕಿ ನೋಡಿ ಏನನ್ನೂ ಬದಲಿಸಬೇಡಿ. ಎರಡು ಸಲ, ಸಾಧ್ಯವಾದರೆ ಮೂರು ಸಲ ನೋಡಿ.

ಚಿಕ್ಕಮ್ಮನ ನೋಟ್‌ಬುಕ್‌ನಲ್ಲಿ ನಾಲ್ಕು ಗೆರೆ ಎಳೆದಿದ್ದಾರೆ: ದಿನಾಂಕ, ಲ್ಯಾಬ್, ಅಂಕಿ, ಅವತ್ತು ಮೈ ಹೇಗಿತ್ತು. ಲಿವರ್ ಆಪರೇಷನ್ ಆದಮೇಲೆ ಬರೆದ ಮೊದಲ ಸಾಲಿನಲ್ಲಿ ಅಂಕಿ 1.9. ಪಕ್ಕದಲ್ಲಿ, "ಅದೇ ಲ್ಯಾಬ್. ಸ್ವಲ್ಪ ನೆಗಡಿ ಇತ್ತು."